ಮಣ್ಣು ಕೊಡುವ ಹಕ್ಕು: ‘ಸಂಸ್ಕಾರ’ ಕಾದಂಬರಿಯ ಹಳೆಯ ಓದುಗಳ ಮರುಪರಿಶೀಲನೆ

೧

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ೧೯೬೫ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಕನ್ನಡ ನವ್ಯ ಸಾಹಿತ್ಯದ ಪ್ರಾತಿನಿಧಿಕ ಕೃತಿಯೆಂದು ಅದನ್ನು ಎತ್ತಿಹಿಡಿದವರಿದ್ದಾರೆ. ಒಂದು ಸಮುದಾಯವನ್ನು ಹೀನಾಯವಾಗಿ ಚಿತ್ರಿಸಿದ ಕೃತಿಯೆಂದು ಖಂಡಿಸಿದವರೂ ಇದ್ದಾರೆ. ಅರವತ್ತು ವರ್ಷಗಳ ನಂತರ ಆ ವಾದವಿವಾದಗಳ ಕಾವು ಬಹುಮಟ್ಟಿಗೆ ಆರಿದೆ. ಕಾದಂಬರಿ ಪದವಿ ತರಗತಿಗಳ ಪಠ್ಯವಾಗಿದೆ, ಅನೇಕ ಭಾಷೆಗಳಿಗೆ ಹೋಗಿದೆ, ಅದರ ಬಗ್ಗೆ ಬಂದಿರುವ ವಿಮರ್ಶೆಯೇ ಮೂಲ ಕೃತಿಗಿಂತ ಹಲವು ಪಟ್ಟು ದೊಡ್ಡದಾಗಿದೆ. ವಿವಾದ ತಣ್ಣಗಾದ ಮೇಲೆ ನಮ್ಮಲ್ಲಿ ಉಳಿದಿರುವ ಗ್ರಹಿಕೆಗಳು ಎಷ್ಟರಮಟ್ಟಿಗೆ ಕೃತಿಯಿಂದ ಬಂದವು, ಎಷ್ಟರಮಟ್ಟಿಗೆ ವಿವಾದದಿಂದ ಬಂದವು ಎಂಬುದನ್ನು ಈಗ ಶಾಂತವಾಗಿ ಪರಿಶೀಲಿಸಬಹುದು.

ಆ ಪರಿಶೀಲನೆಯನ್ನು ಒಂದು ನಿರ್ದಿಷ್ಟ ಸೀಮೆಯಲ್ಲಿ ನಿಂತು ಮಾಡುವುದು ಈ ಲೇಖನದ ಉದ್ದೇಶ. ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿವೆ. ಇವುಗಳಲ್ಲಿ ನಿಪ್ಪಾಣಿ ಮತ್ತು ಕಾಗವಾಡ ಪ್ರತ್ಯೇಕ ತಾಲ್ಲೂಕುಗಳಾದದ್ದು ೨೦೧೮ರಲ್ಲಿ. ಅದಕ್ಕೆ ಮುಂಚೆ ಅವು ಕ್ರಮವಾಗಿ ಚಿಕ್ಕೋಡಿ ಮತ್ತು ಅಥಣಿ ತಾಲ್ಲೂಕುಗಳಿಗೆ ಸೇರಿದ್ದವು. ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿಯುವ, ಕನ್ನಡ ಮರಾಠಿಗಳೆರಡೂ ಮನೆಮಾತಾಗಿರುವ ಈ ನೆಲ ೧೯೫೬ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಮಲೆನಾಡಿನ ಮಾಧ್ವ ಅಗ್ರಹಾರದ ಕಥೆಯಾದ ‘ಸಂಸ್ಕಾರ’ಕ್ಕೂ ಈ ಸೀಮೆಗೂ ನೇರ ಸಂಬಂಧವಿಲ್ಲ. ಆದರೆ ಕಾದಂಬರಿ ಮೊಟ್ಟಮೊದಲು ಎತ್ತುವ ಪ್ರಶ್ನೆ, ಅಂದರೆ ಸತ್ತವನ ಕ್ರಿಯೆ ಮಾಡುವ ಹಕ್ಕು ಯಾರದು ಎಂಬ ಪ್ರಶ್ನೆ, ಇಲ್ಲಿಯ ಜನಪದ ಬದುಕಿನಲ್ಲಿ ತನ್ನದೇ ಆದ ಒಂದು ಉತ್ತರವನ್ನು ಪಡೆದಿತ್ತು. ಆ ಉತ್ತರವನ್ನು ಪಕ್ಕದಲ್ಲಿರಿಸಿಕೊಂಡು ಓದಿದಾಗ ಕಾದಂಬರಿಯಲ್ಲಿ ನಾವು ಗಮನಿಸದೆ ಬಿಟ್ಟಿದ್ದ ಒಂದು ಸಂಗತಿ ಎದ್ದು ಕಾಣುತ್ತದೆ.

೨

ಮೊದಲು ವಿವಾದದ ಇತಿಹಾಸವನ್ನು ಸಂಕ್ಷೇಪವಾಗಿ ನೋಡಬಹುದು. ಅನಂತಮೂರ್ತಿಯವರು ಸಂಶೋಧನೆಗಾಗಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ ಈ ಕಾದಂಬರಿಯನ್ನು ಬರೆದರು. ಸ್ವೀಡನ್ನಿನ ನಿರ್ದೇಶಕ ಇಂಗ್ಮರ್ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ನೋಡಿದ್ದು ಇದಕ್ಕೆ ಪ್ರೇರಣೆಯಾಯಿತೆಂದೂ, ಬಾಲ್ಯದಲ್ಲಿ ಕಂಡ ಪ್ಲೇಗಿನ ನೆನಪು ಇದರ ಹಿಂದಿದೆಯೆಂದೂ ಅವರೇ ಹೇಳಿಕೊಂಡಿದ್ದಾರೆ. ಬರ್ಗ್‌ಮನ್‌ನ ಚಿತ್ರವೂ ಮಧ್ಯಯುಗದ ಪ್ಲೇಗಿನ ನಡುವೆಯೇ ನಡೆಯುತ್ತದೆ ಎಂಬುದು ಗಮನಾರ್ಹ.

ಕಾದಂಬರಿಗೆ ಬಂದ ಆಕ್ಷೇಪಗಳು ಚಲನಚಿತ್ರದ ಸಂದರ್ಭದಲ್ಲಿ ತೀವ್ರಗೊಂಡವು. ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಚಿತ್ರಕ್ಕೆ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ವಹಿಸಿದವರು ಗಿರೀಶ ಕಾರ್ನಾಡರು. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ ಅಭಿನಯಿಸಿದರು. ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ಚಿತ್ರೀಕರಣ ನಡೆಯಿತು. ಜಾತಿಭಾವನೆಗಳಿಗೆ ಧಕ್ಕೆಯಾಗಬಹುದೆಂಬ ಕಾರಣದಿಂದ ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರಕ್ಕೆ ಪ್ರಮಾಣಪತ್ರ ನಿರಾಕರಿಸಿತು. ಮೇಲ್ಮನವಿಯ ನಂತರ ಕೇಂದ್ರ ಸರ್ಕಾರದ ಮಟ್ಟದಲ್ಲಿ ತಡೆ ತೆರವಾಗಿ ೧೯೭೦ರಲ್ಲಿ ಚಿತ್ರ ಬಿಡುಗಡೆಯಾಯಿತು. ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೇ ಬಂದಿತು. ಕನ್ನಡ ಚಿತ್ರವೊಂದಕ್ಕೆ ಆ ಗೌರವ ಸಂದದ್ದು ಅದೇ ಮೊದಲು.

೧೯೭೬ರಲ್ಲಿ ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಪುಸ್ತಕರೂಪದಲ್ಲಿ ಬಂದ ಮೇಲೆ ಚರ್ಚೆ ಕನ್ನಡದಾಚೆಗೂ ಹಬ್ಬಿತು. ಶೀರ್ಷಿಕೆಯ ಪದಕ್ಕಿರುವ ಹಲವು ಅರ್ಥಗಳನ್ನು ರಾಮಾನುಜನ್ ತಮ್ಮ ಹಿನ್ನುಡಿಯಲ್ಲಿ ಬಿಡಿಸಿ ತೋರಿಸಿದರು. ಮರುವರ್ಷವೇ ವಿ. ಎಸ್. ನೈಪಾಲ್ ಭಾರತವನ್ನು ಕುರಿತ ತಮ್ಮ ಪುಸ್ತಕದಲ್ಲಿ ಪ್ರಾಣೇಶಾಚಾರ್ಯರನ್ನು ಭಾರತೀಯ ವ್ಯಕ್ತಿತ್ವದ ಒಂದು ಕೊರತೆಯ ನಿದರ್ಶನವಾಗಿ ಓದಿದರು. ಮುಂದೆ ಸ್ತ್ರೀವಾದಿ ಮತ್ತು ದಲಿತ ದೃಷ್ಟಿಯ ವಿಮರ್ಶಕರು, ಶೂದ್ರ ಮತ್ತು ದಲಿತ ಸ್ತ್ರೀಯರ ದೇಹವನ್ನು ಈ ಕಾದಂಬರಿ ನೋಡುವ ಬಗೆಯನ್ನು ಸರಿಯಾಗಿಯೇ ಪ್ರಶ್ನಿಸಿದರು.

ಈ ಎಲ್ಲ ಓದುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಾಮ್ಯ ಕಾಣುತ್ತದೆ. ಕೃತಿಯನ್ನು ಖಂಡಿಸಿದವರಿಗೆ ಆಚಾರ್ಯರ ಪತನ ಮುಖ್ಯ. ಸಮರ್ಥಿಸಿದವರಿಗೆ ಆಚಾರ್ಯರ ಆತ್ಮಶೋಧನೆ ಮುಖ್ಯ. ನೈಪಾಲ್ ಅವರಿಗೆ ಆಚಾರ್ಯರ ಮನೋರಚನೆ ಮುಖ್ಯ. ಸ್ತ್ರೀವಾದಿ ಆಕ್ಷೇಪಗಳಲ್ಲಿ ಚಂದ್ರಿ ಬಂದರೂ ಬಹುಮಟ್ಟಿಗೆ ಪುರುಷ ದೃಷ್ಟಿಗೆ ವಸ್ತುವಾದವಳಾಗಿ ಬಂದಳು. ಆಕೆ ಕಥೆಯೊಳಗೆ ಮಾಡಿದ ಕೆಲಸದ ಬಗ್ಗೆ ಬಂದ ಮಾತು ಕಡಿಮೆ.

೩

ಈ ಸೀಮೆಯ ಓದುಗರಿಗೆ ‘ಸಂಸ್ಕಾರ’ ಹೇಗೆ ಕಂಡಿತು? ಇದಕ್ಕೆ ನನ್ನ ಅನುಭವವನ್ನೇ ಮುಂದಿಡುತ್ತೇನೆ. ನನ್ನ ಓರಗೆಯ ಅನೇಕರ ಅನುಭವ ಇದಕ್ಕಿಂತ ಬಹಳ ಭಿನ್ನವಾಗಿರಲಾರದು.

ನಾನು ಈ ಕಾದಂಬರಿಯನ್ನು ಮೊದಲು ಓದಿದ್ದು ಪದವಿ ವ್ಯಾಸಂಗದ ಕಾಲದಲ್ಲಿ, ಹೆಣ್ಣುಮಕ್ಕಳ ವಸತಿಗೃಹವೊಂದರಲ್ಲಿ. ಪುಸ್ತಕ ಕೈಯಿಂದ ಕೈಗೆ ದಾಟುತ್ತಿತ್ತು. ಆಚಾರ್ಯರು ಮತ್ತು ಚಂದ್ರಿ ಕಾಡಿನಲ್ಲಿ ಸಂಧಿಸುವ ಪುಟಗಳ ಅಂಚು ಬೇರೆ ಪುಟಗಳಿಗಿಂತ ಹೆಚ್ಚು ಸವೆದಿತ್ತು. ವಿವಾದದ ಮಾತು ಹಿರಿಯರ ಬಾಯಿಂದ ನಮ್ಮವರೆಗೆ ಬಂದದ್ದು ಆ ಸವೆದ ಪುಟಗಳ ರೂಪದಲ್ಲಿ. ತರಗತಿಯಲ್ಲಿ ನಮಗೆ ಅಸ್ತಿತ್ವವಾದದ ಪಾಠವಾಯಿತು, ಆಯ್ಕೆ ಮತ್ತು ಹೊಣೆಗಾರಿಕೆಗಳ ವಿವೇಚನೆಯಾಯಿತು. ಪರೀಕ್ಷೆಯಲ್ಲಿ ಪ್ರಾಣೇಶಾಚಾರ್ಯರ ಪಾತ್ರವನ್ನು ವಿಶ್ಲೇಷಿಸಲು ಹೇಳಿದರು, ನಾವು ವಿಶ್ಲೇಷಿಸಿದೆವು.

ಆದರೂ ಇದು ನಮ್ಮ ಕಥೆಯಲ್ಲ ಎಂಬ ಭಾವನೆ ಮನಸ್ಸಿನಲ್ಲಿ ಉಳಿದಿತ್ತು. ಅದಕ್ಕೆ ಕಾರಣಗಳಿದ್ದವು. ಕೃಷ್ಣೆಯ ದಂಡೆಯ ಒಕ್ಕಲು ಬದುಕನ್ನು, ಇಲ್ಲಿಯ ಆಡುಮಾತನ್ನು ಕನ್ನಡ ಕಾದಂಬರಿಗೆ ತಂದವರು ಇಂದಿನ ಕಾಗವಾಡ ತಾಲ್ಲೂಕಿನ ಶೇಡಬಾಳದ ಮಿರ್ಜಿ ಅಣ್ಣಾರಾಯರು. ೧೯೪೫ರ ಅವರ ‘ನಿಸರ್ಗ’ವನ್ನು ಓದಿದವರಿಗೆ ದೂರ್ವಾಸಪುರ ಪರಸ್ಥಳವಾಗಿ ಕಂಡರೆ ಆಶ್ಚರ್ಯವಿಲ್ಲ. ವಿವಾದವೂ ಈ ಸೀಮೆಗೆ ಹೊಸದಾಗಿರಲಿಲ್ಲ. ಪಕ್ಕದ ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ‘ಜರತಾರಿ ಜಗದ್ಗುರು’ವಿನಲ್ಲಿ ಮಠೀಯ ಢಾಂಭಿಕತೆಯನ್ನು ಬಯಲಿಗೆಳೆದು ಸಾಕಷ್ಟು ವಿರೋಧ ಎದುರಿಸಿದ್ದರು. ಹೀಗಾಗಿ ‘ಸಂಸ್ಕಾರ’ವನ್ನು ನಾವು ‘ಅವರ ಜಾತಿಯ ಜಗಳ’ವೆಂದು ಬದಿಗಿಟ್ಟೆವು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣ ಶವಸಂಸ್ಕಾರದ ಸ್ವರೂಪಕ್ಕೆ ಸಂಬಂಧಿಸಿದ್ದು. ಈ ಸೀಮೆಯ ಲಿಂಗಾಯತರು ಹೂಳುತ್ತಾರೆ. ಜೈನರು, ಮರಾಠರು ಸುಡುತ್ತಾರೆ. ದಲಿತ ಸಮುದಾಯಗಳಲ್ಲಿ ಎರಡೂ ರೂಢಿಗಳು ಕಾಣಸಿಗುತ್ತವೆ. ಆದರೆ ಸುಡಲಿ, ಹೂಳಲಿ, ನಮ್ಮ ಕಡೆಯ ಮಾತು ಒಂದೇ: ‘ಮಣ್ಣಿಗೆ ಹೋಗುವುದು’, ‘ಮಣ್ಣು ಮಾಡುವುದು’, ‘ಮಣ್ಣು ಕೊಡುವುದು’. ಸಾವಿನ ಸುದ್ದಿ ಬಂದರೆ ಒಕ್ಕಲು ಕೆಲಸ ನಿಲ್ಲಿಸಿ ಮಣ್ಣಿಗೆ ಹೋಗಬೇಕು. ಹಗೆಯಿದ್ದವನೂ ಮಣ್ಣಿಗೆ ಬರುತ್ತಾನೆ. ಇಂಥ ರೂಢಿಯಲ್ಲಿ ಬೆಳೆದವರಿಗೆ ಒಂದು ಹೆಣವನ್ನು ಅಂಗಳದಲ್ಲಿಟ್ಟುಕೊಂಡು ಗ್ರಂಥ ತೆಗೆದು ನೋಡುವ ದೂರ್ವಾಸಪುರ ವಿಚಿತ್ರವಾಗಿಯೇ ಕಾಣುತ್ತದೆ. ನಮ್ಮಲ್ಲಿ ಹೀಗಾಗುತ್ತಿರಲಿಲ್ಲ ಎಂದುಕೊಂಡೆವು. ಅದು ಎಷ್ಟು ಅವಸರದ ತೀರ್ಮಾನವಾಗಿತ್ತೆಂಬುದು ತಿಳಿದದ್ದು ಮುಂದೆ ಕ್ಷೇತ್ರಕಾರ್ಯಕ್ಕೆ ಇಳಿದಾಗ.

೪

ಅಥಣಿ ತಾಲ್ಲೂಕಿನ ಕೊಕಟನೂರು ಎಲ್ಲಮ್ಮನ ಕ್ಷೇತ್ರ. ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವ ಭಕ್ತರ ಬಳಗ ಈ ಸೀಮೆಯ ಊರೂರಿನಲ್ಲಿದೆ. ಹೊಸ್ತಿಲ ಹುಣ್ಣಿಮೆಯ ಹೊತ್ತಿಗೆ ಜಮದಗ್ನಿಯ ಸಾವಿನ ನೆನಪಿನಲ್ಲಿ ಬಳೆ ಒಡೆದುಕೊಂಡು, ಮುಂದೆ ಮುತ್ತೈದೆ ಹುಣ್ಣಿಮೆಗೆ ಮತ್ತೆ ಬಳೆ ತೊಟ್ಟುಕೊಳ್ಳುವ ಜೋಗತಿಯರ ಆಚರಣೆಯನ್ನು ಜಾನಪದ ವಿದ್ವಾಂಸರು ಸಾಕಷ್ಟು ದಾಖಲಿಸಿದ್ದಾರೆ. ಆ ಪರಂಪರೆಯನ್ನು ಕುರಿತು ಮಾಹಿತಿ ಸಂಗ್ರಹಿಸುವಾಗ ನನ್ನ ಗಮನ ಮೊದಲು ಹಾಡು, ಚೌಡಿಕೆ, ಜಗಗಳ ಕಡೆಗಿತ್ತು. ಜೋಗತಿಯರ ಮನೆತನದ ಹಕ್ಕುಗಳ ವಿಷಯ ತಾನಾಗಿಯೇ ಮಾತಿನ ನಡುವೆ ಬಂದಿತು.

ಗಂಡುಮಗನಿಲ್ಲದ ಮನೆಯಲ್ಲಿ ಒಬ್ಬ ಮಗಳಿಗೆ ಮುತ್ತು ಕಟ್ಟಿ ಎಲ್ಲಮ್ಮನಿಗೆ ಬಿಡುವ ಪದ್ಧತಿಗೆ ಭಕ್ತಿ, ಹರಕೆ, ಬಡತನ, ಜಾತಿಯ ದಬ್ಬಾಳಿಕೆ ಮೊದಲಾದ ಹಲವು ಕಾರಣಗಳಿದ್ದವು. ಅವುಗಳ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಹೀಗೆ ಬಿಟ್ಟ ಮಗಳು ಮದುವೆಯಾಗಿ ಬೇರೆ ಮನೆಗೆ ಹೋಗುವುದಿಲ್ಲ. ತವರಿನಲ್ಲಿಯೇ ಉಳಿದು ಮಗನ ಸ್ಥಾನ ಪಡೆಯುತ್ತಾಳೆ. ತಂದೆಯ ಮನೆ, ಇದ್ದರೆ ಹೊಲ, ಆಕೆಗೆ ಬರುತ್ತದೆ. ಆಕೆಯ ಮಕ್ಕಳು ತಾಯಿಯ ತವರಿನ ಹೆಸರಿನಲ್ಲಿ ಬೆಳೆಯುತ್ತಾರೆ. ತಂದೆತಾಯಿ ಸತ್ತಾಗ ಮೊದಲ ಮಣ್ಣು ಕೊಡುವವಳು ಅವಳೇ. ಬಳ್ಳಾರಿಯ ಕಡೆಯ ಬಸವಿಯರ ಬಗ್ಗೆಯೂ ಇಂಥ ವಿವರಗಳು ಬ್ರಿಟಿಷರ ಕಾಲದ ಬರಹಗಳಲ್ಲಿವೆ. ಉತ್ತರ ಕರ್ನಾಟಕದ ಜೋಗತಿಯರ ನಡುವೆ ಕ್ಷೇತ್ರಕಾರ್ಯ ಮಾಡಿದ ಮಾನವಶಾಸ್ತ್ರಜ್ಞೆ ಲುಸಿಂಡಾ ರ‍್ಯಾಂಬರ್ಗ್ ೨೦೧೪ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಜೋಗತಿ ತನ್ನ ತವರಿಗೆ ಮಗನಾಗುವ ಈ ಬಂಧುತ್ವದ ಸ್ವರೂಪವನ್ನು ವಿವರವಾಗಿ ಚರ್ಚಿಸಿದ್ದಾರೆ.

ಧರ್ಮಶಾಸ್ತ್ರದ ಚೌಕಟ್ಟಿನಲ್ಲಿ ಪುತ್ರನಿಗೆ ಮೀಸಲಾದ ಅಧಿಕಾರವನ್ನು ಹೆಣ್ಣೊಬ್ಬಳಿಗೆ, ಅದೂ ಊರು ಕೀಳಾಗಿ ಕಾಣುವ ಹೆಣ್ಣಿಗೆ, ಜನಪದ ರೂಢಿ ಕೊಟ್ಟಿತ್ತು ಎಂಬುದು ಮಹತ್ವದ ಸಂಗತಿ. ಇದನ್ನು ಕೇಳಿದ ಕೂಡಲೇ ಜನಪದ ಪ್ರಜ್ಞೆಯ ಔದಾರ್ಯವನ್ನು ಹೊಗಳಲು ನಾವು ಮುಂದಾಗುತ್ತೇವೆ. ನನ್ನ ಮೊದಲ ಟಿಪ್ಪಣಿಗಳಲ್ಲಿ ನಾನೂ ಹಾಗೆಯೇ ಬರೆದಿದ್ದೆ. ಆ ಹೊಗಳಿಕೆಯನ್ನು ತಿದ್ದಿಕೊಳ್ಳುವಂತೆ ಮಾಡಿದ್ದು ಅಥಣಿ ಕಡೆಯ ಒಬ್ಬ ವೃದ್ಧ ಜೋಗತಿಯ ಮಾತು.

ತಂದೆಗೆ ತಾನೇ ಮಣ್ಣು ಕೊಟ್ಟದ್ದನ್ನು ಆಕೆ ಹೆಮ್ಮೆಯಿಂದ ಹೇಳಿದಳು. ಊರ ಹಿರಿಯರು ಬಂದು, ನೀನೇ ಮಗ, ನೀನೇ ಮುಂದಾಗು ಎಂದಿದ್ದರು. ಮಾತು ಮುಂದುವರಿದು, ಆಕೆಯನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡಿದ್ದ, ಆಕೆಯ ಮಕ್ಕಳಿಗೆ ತಂದೆಯಾಗಿದ್ದ ಮನುಷ್ಯನ ಸಾವಿನ ವಿಷಯ ಬಂದಿತು. ಆತ ಮೇಲುಜಾತಿಯ ಒಕ್ಕಲಿಗ. ಆಗ ಆಕೆ ಹೇಳಿದ್ದು ಇಷ್ಟೇ: “ಅಪ್ಪಗ ನಾನ ಮಣ್ಣ ಕೊಟ್ಟೀನಿ, ತಂಗಿ. ಅವರು ಹೋದಾಗ ಹೊಲದ ಬದುವಿನ್ಯಾಗ ನಿಂತು ಕೈ ಮುಗದು ಬಂದೆ.” ಆಕೆಯ ಗಂಡುಮಕ್ಕಳೂ ಅಂದು ಮಣ್ಣಿಗೆ ಹೋಗಲಿಲ್ಲ. ಹೋಗಬೇಕೆಂದು ಯಾರೂ ಕರೆಯಲಿಲ್ಲ.

ಹೀಗೆ, ಹಗೆಯಿದ್ದವನನ್ನೂ ಒಳಗೊಳ್ಳುವ ಮಣ್ಣು ಇವರನ್ನು ಒಳಗೊಳ್ಳಲಿಲ್ಲ. ರೂಢಿ ಕೊಟ್ಟ ಹಕ್ಕು ತವರಿನ ಹೊಸ್ತಿಲವರೆಗೆ ಮಾತ್ರ. ಇಟ್ಟುಕೊಂಡವನ ಮನೆಯ ಹೊಸ್ತಿಲಲ್ಲಿ ಅದು ನಿಂತುಬಿಡುತ್ತಿತ್ತು. ನಮ್ಮಲ್ಲಿ ಹೀಗಾಗುತ್ತಿರಲಿಲ್ಲ ಎಂದು ದೂರ್ವಾಸಪುರದ ಬಗ್ಗೆ ನಾವು ತಾಳಿದ್ದ ತೀರ್ಮಾನ ಅಲ್ಲಿಗೆ ಕುಸಿಯಿತು.

೫

ಆ ಮಾತನ್ನು ಕೇಳಿಸಿಕೊಂಡ ಕೆಲವು ವರ್ಷಗಳ ನಂತರ ‘ಸಂಸ್ಕಾರ’ವನ್ನು ಮತ್ತೆ ಓದುವ ಸಂದರ್ಭ ಬಂದಿತು. ಅದು ೨೦೨೧ರ ಬೇಸಗೆ. ಕೋವಿಡ್ ಎರಡನೆಯ ಅಲೆಯ ದಿನಗಳು. ಸತ್ತವರ ದೇಹವನ್ನು ತೆಗೆದುಕೊಳ್ಳಲು ಬಂಧುಗಳೇ ಹಿಂಜರಿದ ಸುದ್ದಿಗಳು ದಿನವೂ ಬರುತ್ತಿದ್ದವು. ರಾಜ್ಯದ ಹಲವೆಡೆ ಸ್ವಯಂಸೇವಕರು, ಅವರಲ್ಲಿ ಅನೇಕ ಮುಸ್ಲಿಂ ಯುವಕರು, ಜಾತಿಧರ್ಮ ನೋಡದೆ ಹೆಣ ಹೊತ್ತರು. ಕಾದಂಬರಿಯ ಕಥಾವಸ್ತು ಇದ್ದಕ್ಕಿದ್ದಂತೆ ಪರಸ್ಥಳದ್ದಾಗಿ ಉಳಿಯಲಿಲ್ಲ.

ಪ್ಲೇಗಿನ ನೆನಪೂ ಈ ಸೀಮೆಗೆ ಹೊಸದಲ್ಲ. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ೧೮೯೮ರ ಹೊತ್ತಿಗೆ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಹಬ್ಬಿತ್ತು. ಮೀರಜದಿಂದ ಶೇಡಬಾಳ, ಕುಡಚಿ, ರಾಯಬಾಗಗಳನ್ನು ಹಾದು ಬೆಳಗಾವಿಗೆ ಹೋಗುವ ರೈಲುಮಾರ್ಗದ ಮೇಲೆಯೇ ಈ ಸೀಮೆಯಿದೆ. ೧೮೯೭ರಲ್ಲಿ ಬ್ರಿಟಿಷ್ ಸರ್ಕಾರ ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ ೨೦೨೦ರಲ್ಲಿ ಕೋವಿಡ್ ನಿಯಂತ್ರಣಕ್ಕೆ ಬಳಸಲಾಯಿತು. ಹಳ್ಳಿಗಳ ಹಿರಿಯರ ಬಾಯಲ್ಲಿ ಆ ಕಾಲದ ಎಚ್ಚರಿಕೆ ಒಂದೇ ಮಾತಿನಲ್ಲಿ ಉಳಿದಿದೆ: ‘ಇಲಿ ಬಿದ್ದವು’. ಇಲಿ ಬಿದ್ದರೆ ಊರು ಬಿಡಬೇಕು, ಹೊಲದಲ್ಲಿ ಗುಡಿಸಲು ಹಾಕಬೇಕು. ಇದಕ್ಕೆ ಯಾವ ಗ್ರಂಥದ ಆಧಾರವೂ ಬೇಕಿರಲಿಲ್ಲ.

ಕಾದಂಬರಿಯಲ್ಲಿಯೂ ಇಲಿಗಳು ಬೀಳುತ್ತವೆ. ಮನೆಯ ಮಾಡಿನ ಮೇಲೆ ಹದ್ದುಗಳು ಬಂದು ಕೂರುತ್ತವೆ. ಅಗ್ರಹಾರದವರು ಜಾಗಟೆ, ಶಂಖಗಳಿಂದ ಅವುಗಳನ್ನು ಓಡಿಸುತ್ತಾರೆ. ಇಲಿಗಳ ಅರ್ಥ ಅವರಿಗೆ ಹೊಳೆಯುವುದಿಲ್ಲ. ಹೊಲೆಗೇರಿಯಲ್ಲಿ ಸತ್ತವರನ್ನು ಅವರ ಗುಡಿಸಲಿನ ಸಮೇತ ಸುಡುತ್ತಾರೆ. ಮೊದಲ ಓದಿನಲ್ಲಿ ಆ ಬೆಂಕಿ ನಮಗೆ ಕೇವಲ ದೈನ್ಯದ ಚಿತ್ರವಾಗಿತ್ತು. ಪ್ಲೇಗಿನ ಲೋಕಾನುಭವವನ್ನು ಅರಿತು ಓದಿದರೆ, ಶಾಸ್ತ್ರಾರ್ಥ ನಡೆಯುತ್ತಿದ್ದ ಮನೆಗಳಿಗಿಂತ ಆ ಕೇರಿ ರೋಗಕ್ಕೆ ಹೆಚ್ಚು ಸರಿಯಾಗಿ ಸ್ಪಂದಿಸಿತ್ತೆಂದು ಹೇಳಬೇಕಾಗುತ್ತದೆ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ನಾರಣಪ್ಪನ ಹೆಣವನ್ನು ಯಾರು ಸುಡಬೇಕು? ಈ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಕಾದಂಬರಿ ಪ್ರಶ್ನೆಯಾಗಿಯೇ ಉಳಿಯುತ್ತದೆ ಎಂದು ನಾವು ತರಗತಿಯಲ್ಲಿ ಬರೆದುಕೊಂಡಿದ್ದೆವು. ಕಥೆಯ ಘಟನೆಗಳನ್ನು ಕ್ರಮವಾಗಿ ನೋಡಿದರೆ ಹಾಗಿಲ್ಲ. ಕ್ರಿಯೆಯ ಖರ್ಚಿಗೆಂದು ಚಂದ್ರಿ ತನ್ನ ಮೈಮೇಲಿನ ಬಂಗಾರವನ್ನು ತೆಗೆದು ಆಚಾರ್ಯರ ಮುಂದಿಡುತ್ತಾಳೆ. ಅದನ್ನು ಕಂಡು ಅಗ್ರಹಾರದ ಮನೆಗಳಲ್ಲಿ ಆಸೆ ಹುಟ್ಟುತ್ತದೆ. ಆಚಾರ್ಯರು ಗ್ರಂಥಗಳಲ್ಲಿ ಹುಡುಕುತ್ತಾರೆ, ಮಾರುತಿಯ ಗುಡಿಯಲ್ಲಿ ಇಡೀ ದಿನ ಪ್ರಸಾದಕ್ಕಾಗಿ ಕಾಯುತ್ತಾರೆ, ದೇವರು ಮಾತಾಡುವುದಿಲ್ಲ. ಹಿಂತಿರುಗುವಾಗ ಕಾಡಿನಲ್ಲಿ ಚಂದ್ರಿಯ ಸಂಗವಾಗುತ್ತದೆ. ವಿವಾದದ ದೀಪವೆಲ್ಲ ಈ ಘಟನೆಯ ಮೇಲೆ ಬಿದ್ದಿತು. ಆದರೆ ಅದೇ ರಾತ್ರಿ ಚಂದ್ರಿ ಅಗ್ರಹಾರಕ್ಕೆ ಹಿಂತಿರುಗಿ, ಕೊಳೆಯುತ್ತಿರುವ ಹೆಣವನ್ನು ನೋಡಿ, ಗಾಡಿಯವನನ್ನು ಕೇಳಿ, ಅವನು ಹೆದರಿದಾಗ ಮೀನು ವ್ಯಾಪಾರದ ಅಹಮದ್ ಬ್ಯಾರಿಯನ್ನು ಕರೆತಂದು, ಸೌದೆ ಹೊಂದಿಸಿ, ನಾರಣಪ್ಪನನ್ನು ಸುಡಿಸುತ್ತಾಳೆ. ಬೆಳಗಾದ ಮೇಲೆ ಕುಂದಾಪುರದ ದಾರಿ ಹಿಡಿಯುತ್ತಾಳೆ. ಬ್ಯಾರಿ ಬಂದದ್ದಕ್ಕೂ ಕಾರಣವಿದೆ. ಹಿಂದೆ ಅವನ ಕಷ್ಟಕಾಲದಲ್ಲಿ ನಾರಣಪ್ಪ ಹಣ ಕೊಟ್ಟಿದ್ದ.

ಇದಾದ ಮೇಲೂ ಅಗ್ರಹಾರದವರು ಆ ಹೆಣದ ತೀರ್ಮಾನಕ್ಕಾಗಿ ಊರಿಂದೂರಿಗೆ, ಮಠದವರೆಗೂ ಅಲೆಯುತ್ತಾರೆ. ಇಲ್ಲದ ಹೆಣಕ್ಕಾಗಿ ಚರ್ಚೆ ನಡೆಯುತ್ತದೆ. ಓದುಗನಿಗೆ ಇದು ಗೊತ್ತಿದೆ, ಕಾದಂಬರಿಕಾರರು ಮುಚ್ಚಿಟ್ಟಿಲ್ಲ. ಆದರೂ ನಮ್ಮ ನೆನಪಿನಲ್ಲಿ ಉಳಿದದ್ದು ಪರಿಹಾರವಾಗದ ಶವಸಂಸ್ಕಾರವೇ. ದೂರ್ವಾಸಪುರದ ಪಂಡಿತರಂತೆ ಮೂರು ತಲೆಮಾರಿನ ಓದುಗರಾದ ನಾವೂ, ಆಗಿಹೋದ ಕ್ರಿಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಚರ್ಚಿಸುತ್ತ ಬಂದೆವು. ಮಾಡಿದವಳಿಗೆ ಅಧಿಕಾರವಿರಲಿಲ್ಲವಾದ್ದರಿಂದ ಮಾಡಿದ್ದು ಕ್ರಿಯೆಯೆಂದು ನಮಗೆ ತೋರಲೇ ಇಲ್ಲ. ಹಳೆಯ ಓದಿನ ನಿಜವಾದ ದೋಷ ಇದೆಂದು ನನಗನ್ನಿಸುತ್ತದೆ.

ಅಥಣಿಯ ಆ ವೃದ್ಧೆಯ ಮಾತಿನ ಬೆಳಕಿನಲ್ಲಿ ಚಂದ್ರಿಯ ಕೆಲಸದ ತೂಕ ಇನ್ನಷ್ಟು ಸ್ಪಷ್ಟವಾಗುತ್ತದೆ. ಜೋಗತಿಗೆ ತವರಿನ ಮಟ್ಟಿಗಾದರೂ ಹಕ್ಕಿತ್ತು. ಇಟ್ಟುಕೊಂಡವನ ವಿಷಯದಲ್ಲಿ ಆಕೆ ಬದುವಿನಲ್ಲಿ ನಿಂತಳು. ಚಂದ್ರಿ ಆ ಬದುವನ್ನು ದಾಟಿದಳು. ಆಕೆಗೆ ಯಾವ ರೂಢಿಯ ಬೆಂಬಲವೂ ಇರಲಿಲ್ಲ, ಜೊತೆಗೆ ಬಂದವನಿಗೂ ಇರಲಿಲ್ಲ. ಇಬ್ಬರನ್ನೂ ಆ ಹೆಣದ ಹತ್ತಿರ ತಂದದ್ದು ಋಣ.

ಆದರೆ ಕಾದಂಬರಿಯೂ ಆಕೆಯನ್ನು ಅಲ್ಲಿಗೇ ಬಿಟ್ಟುಬಿಡು‌ತ್ತದೆ ಎಂಬುದನ್ನು ಹೇಳದೆ ಹೋಗುವಂತಿಲ್ಲ. ಕುಂದಾಪುರಕ್ಕೆ ಹೊರಟ ಚಂದ್ರಿ ಕಥೆಗೆ ಮರಳುವುದಿಲ್ಲ. ಹೆಂಡತಿ ಭಾಗೀರಥಿಯ ಸಾವಿನ ನಂತರ ಅಲೆಯುವ ಆಚಾರ್ಯರ ಮನಸ್ಸಿನಲ್ಲಿ ಆಕೆ ನೆನಪಾಗಿ ಬರುತ್ತಾಳೆಯೇ ಹೊರತು ತನ್ನ ಬದುಕುಳ್ಳ ವ್ಯಕ್ತಿಯಾಗಿ ಬರುವುದಿಲ್ಲ. ಓದುಗರ ಮರೆವಿನಲ್ಲಿ ಕೃತಿಯ ಪಾಲೂ ಇದೆ.

೬

ಈ ಮರುಓದಿನಿಂದ ಜಾನಪದ ಅಧ್ಯಯನ ಕಲಿಯಬೇಕಾದದ್ದೂ ಇದೆ. ಜೋಗತಿಗೆ ಮಗನ ಹಕ್ಕು ಕೊಟ್ಟ ರೂಢಿಯನ್ನು ಆದರ್ಶವಾಗಿಸುವುದು ಸುಲಭ. ಆ ಹಕ್ಕಿನ ಬೆಲೆಯನ್ನು ತೆತ್ತವಳು ಒಬ್ಬ ಬಾಲಕಿ ಎಂಬುದನ್ನು ಮರೆತರೆ ಮಾತ್ರ ಅದು ಸಾಧ್ಯ. ತಂದೆಗೆ ಮಣ್ಣು ಕೊಡುವವರು ಇರಲೆಂದು ಏಳೆಂಟು ವರ್ಷದ ಮಗಳ ಕೊರಳಿಗೆ ಮುತ್ತು ಕಟ್ಟಲಾಗುತ್ತಿತ್ತು. ಮುಂಬಯಿ ಪ್ರಾಂತದ ೧೯೩೪ರ ದೇವದಾಸಿ ಸಂರಕ್ಷಣಾ ಕಾಯ್ದೆ ಈ ಸೀಮೆಗೂ ಅನ್ವಯವಾಗುತ್ತಿತ್ತು. ಆದರೂ ಪದ್ಧತಿ ಉಳಿಯಿತು. ಕರ್ನಾಟಕ ಸರ್ಕಾರ ೧೯೮೨ರ ಕಾಯ್ದೆಯ ಮೂಲಕ ಸಮರ್ಪಣೆಯನ್ನು ನಿಷೇಧಿಸಿತು. ಕಾಯ್ದೆಗಿಂತ ಹೆಚ್ಚಿನ ಕೆಲಸವನ್ನು ಆ ಬದುಕನ್ನು ಬದುಕಿದ ಹೆಣ್ಣುಮಕ್ಕಳೇ ಮಾಡಿದರು. ಬಾಲ್ಯದಲ್ಲಿ ದೇವದಾಸಿಯಾಗಿ ಬಿಡಲ್ಪಟ್ಟ, ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರು ಘಟಪ್ರಭೆಯ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಮೂಲಕ ಮಾಡಿದ ಕೆಲಸಕ್ಕೆ ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿದೆ.

ಇನ್ನೊಂದು ಕಡೆಯಿಂದ ಕಾನೂನು ಮಗಳ ಹಕ್ಕನ್ನು ಯಾವ ಮುತ್ತೂ ಇಲ್ಲದೆ ಒಪ್ಪಿಕೊಂಡಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ೨೦೦೫ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಿಗೆ ಸಮನಾದ ಪಾಲು ಕೊಟ್ಟಿತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ ೨೦೨೦ರಲ್ಲಿ ಸ್ಪಷ್ಟಪಡಿಸಿತು. ಮಗನಿಲ್ಲದ ಮನೆಗೆ ಈಗ ಮಗಳನ್ನು ದೇವರಿಗೆ ಬಿಡುವ ಅಗತ್ಯವಿಲ್ಲ. ಮಗಳೇ ತಂದೆಯ ಕ್ರಿಯೆ ಮಾಡಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದನ್ನು ಹೊಸ ಕಾಲದ ಕ್ರಾಂತಿಯೆಂದು ವರ್ಣಿಸುವಾಗ, ಇದೇ ಕೆಲಸವನ್ನು ಕೊಕಟನೂರಿನ ಸುತ್ತಲಿನ ಕೇರಿಗಳ ಹೆಣ್ಣುಮಕ್ಕಳು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದರು, ಅದಕ್ಕಾಗಿ ತಮ್ಮ ಬದುಕನ್ನೇ ಕೊಟ್ಟಿದ್ದರು ಎಂಬುದನ್ನು ಯಾರೂ ನೆನೆಯುವುದಿಲ್ಲ.

ಪದ್ಧತಿ ಹೋಗಬೇಕಿತ್ತು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಪದ್ಧತಿಯನ್ನು ಅಳಿಸುವ ಭರದಲ್ಲಿ ಅದರೊಳಗೆ ಬದುಕಿದವರು ಮಾಡಿದ ಕೆಲಸವನ್ನೂ ಅಳಿಸುವುದು ನ್ಯಾಯವಲ್ಲ. ನಮ್ಮ ಜಾನಪದ ಸಂಗ್ರಹಗಳಲ್ಲಿ ಎಲ್ಲಮ್ಮನ ಹಾಡುಗಳಿವೆ, ಕಥೆಗಳಿವೆ, ವಾದ್ಯಗಳ ವಿವರಗಳಿವೆ. ಯಾರು ಯಾರಿಗೆ ಮಣ್ಣು ಕೊಟ್ಟರು, ಯಾರನ್ನು ಬದುವಿನಲ್ಲಿ ನಿಲ್ಲಿಸಲಾಯಿತು ಎಂಬ ವಿವರಗಳು ಕಡಿಮೆ. ಆ ನೆನಪುಳ್ಳ ತಲೆಮಾರಿನವರು ಈಗ ಎಪ್ಪತ್ತು ಎಂಬತ್ತರ ವಯಸ್ಸಿನಲ್ಲಿದ್ದಾರೆ. ಆ ಕೆಲಸ ಈಗಲೇ ಆಗಬೇಕಾಗಿದೆ.

‘ಸಂಸ್ಕಾರ’ದ ಹಳೆಯ ವಿವಾದ ಅದರ ಕಾಲಕ್ಕೆ ಅನಿವಾರ್ಯವಾಗಿತ್ತು. ಒಂದು ಅಗ್ರಹಾರದ ಮಾನದ ಪ್ರಶ್ನೆಯಾಗಿ, ಒಬ್ಬ ಪಂಡಿತನ ಆತ್ಮದ ಪ್ರಶ್ನೆಯಾಗಿ ಕಾದಂಬರಿಯನ್ನು ಓದಿದ್ದು ತಪ್ಪಲ್ಲ. ಆ ಓದುಗಳಿಗೆ ಕೃತಿಯಲ್ಲಿ ಆಧಾರವಿದೆ. ಆದರೆ ಆ ಓದುಗಳು ಒಂದು ರಾತ್ರಿಯ ಕೆಲಸವನ್ನು ಮರೆಗೆ ಸರಿಸಿದವು. ನಾರಣಪ್ಪನಿಗೆ ಕ್ರಿಯೆ ಆಗಿದೆ. ಅದನ್ನು ಮಾಡಿಸಿದವಳು ಚಂದ್ರಿ, ಕೈ ಜೋಡಿಸಿದವನು ಅಹಮದ್ ಬ್ಯಾರಿ. ತರಗತಿಗಳಲ್ಲಿ ಈ ಕಾದಂಬರಿಯನ್ನು ಇನ್ನು ಮುಂದೆ ಪಾಠ ಮಾಡುವವರು ಪ್ರಾಣೇಶಾಚಾರ್ಯರ ಪಾತ್ರವಿಶ್ಲೇಷಣೆಯ ಜೊತೆಗೆ ಈ ಒಂದು ಸಂಗತಿಯನ್ನು ವಿದ್ಯಾರ್ಥಿಗಳ ಗಮನಕ್ಕೆ ತಂದರೂ ಸಾಕು. ಚಿಕ್ಕೋಡಿ, ಅಥಣಿ, ರಾಯಬಾಗಗಳ ಕಾಲೇಜುಗಳಲ್ಲಿ ಕುಳಿತ ಮಕ್ಕಳಲ್ಲಿ ಒಬ್ಬಿಬ್ಬರಿಗಾದರೂ, ಮಣ್ಣು ಕೊಟ್ಟ ಮತ್ತು ಕೊಡಲಾಗದೆ ಬದುವಿನಲ್ಲಿ ನಿಂತ ತಮ್ಮ ಮನೆಯ ಒಬ್ಬ ಅಜ್ಜಿ ನೆನಪಾಗುವುದುಂಟು. ಅವರಿಗೆ ಈ ಕಾದಂಬರಿ ಪರಸ್ಥಳದ ಕಥೆಯಾಗಿ ಕಾಣಲಾರದು.